ಹನ್ನೊಂದು ಫಂಡು, ಒಂದೇ ಜ್ವರ

ಮೆಡಿಕಲ್ ಅಕ್ಕನ ಎಡಗೈ ಆ ತಿಂಗಳು ಅವಳ ಮಾತು ಕೇಳುತ್ತಿರಲಿಲ್ಲ. ಬಲಗೈ ಮಾತ್ರೆ ಎಣಿಸುತ್ತಿದ್ದರೆ ಎಡಗೈ ತನ್ನ ಪಾಡಿಗೆ ಕೌಂಟರಿನ ಕೆಳಗೆ ಹೋಗಿ ಫೋನು ತಡಕುತ್ತಿತ್ತು. ಎತ್ತುವುದು, ನೋಡುವುದು, ಮುಖ ಹುಳಿ ಮಾಡಿಕೊಂಡು ಬೋರಲು ಹಾಕುವುದು. ಯಾರಿಗೋ ಕೆಮ್ಮಿನ ಸಿರಪ್ಪು ಕಟ್ಟಿಕೊಟ್ಟು ಮತ್ತೆ ಎತ್ತುವುದು. ಮ್ಯೂಚುವಲ್ ಫಂಡಿನ ಬೆಲೆ ಬದಲಾಗುವುದು ದಿನಕ್ಕೆ ಒಂದೇ ಸಲ, ಅದೂ ಮಾರ್ಕೆಟ್ಟಿನ ಬಾಗಿಲು ಮುಚ್ಚಿದ ಮೇಲೆ. ಬೆಳಗಿನಿಂದ ಎಷ್ಟು ಸಲ ನೋಡಿದರೂ ಕಾಣುವುದು ನಿನ್ನೆಯ ಅಂಕಿಯೇ. ಇದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೇನಂತೆ, ಕೈಗೂ ಗೊತ್ತಿರಬೇಕಲ್ಲ.

"ಬೀಳ್ತಾ ಇರೋದು ಫಂಡು. ನೀನ್ಯಾಕೆ ಕಾಲು ಸುಟ್ಟ ಬೆಕ್ಕಿನ ಥರ ಓಡಾಡ್ತೀಯ?" ಅಂದ ಅವಳ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಇಂಜಿನ್ನಿನ ಸದ್ದೊಂದು ಸರಿಯಾಗಿದ್ದರೆ ಲೋಕದಲ್ಲಿ ಎಲ್ಲವೂ ಸರಿಯಾಗಿದೆ ಅಂದುಕೊಳ್ಳುವ ಜಾತಿಯ ಮನುಷ್ಯ.

"ನನ್ನ ದುಡ್ಡಾಗಿದ್ರೆ ನಾನೂ ಆರಾಮಾಗಿ ಇರ್ತಿದ್ದೆ" ಅಂದಳು ಅಕ್ಕ.

ಅದು ಪೂರ್ತಿ ಸುಳ್ಳಲ್ಲ. ದುಡ್ಡು ತಂಗಿಯದು.

ಅಕ್ಕನ ಅಂಗಡಿ ದೊಡ್ಡ ಆಸ್ಪತ್ರೆಯ ಗೇಟಿನ ಎದುರಿಗಿತ್ತು. ಮೂರು ಗೋಡೆಗೂ ಸೂರಿನವರೆಗೆ ಕಪಾಟು, ಮೂಲೆಯಲ್ಲಿ ಗೊರಗೊರ ಅನ್ನುವ ಹಳೆಯ ಫ್ರಿಡ್ಜು, ಕೌಂಟರಿನ ಗಾಜಿನ ಕೆಳಗೆ ಥರ್ಮಾಮೀಟರು, ಬ್ಯಾಂಡೇಜು, ಮಕ್ಕಳ ಸೋಪು. ಡಾಕ್ಟರರ ಬರವಣಿಗೆಯನ್ನು ಡಾಕ್ಟರರಿಗೇ ಓದಿ ಹೇಳಬಲ್ಲವಳು ಎಂದು ಅವಳಿಗೆ ಹೆಸರು. ಆ ಬೀದಿಯವರು ಅವಳ ಹತ್ತಿರ ಔಷಧಿ ಮಾತ್ರ ಕೇಳುತ್ತಿರಲಿಲ್ಲ. ಯಾವ ಸ್ಕೂಲು ಒಳ್ಳೆಯದು, ಯಾವ ಮನೆ ಓನರು ಅಡ್ವಾನ್ಸು ವಾಪಸ್ ಕೊಡುತ್ತಾನೆ, ಎಲ್ಲಕ್ಕೂ ಅವಳೇ ಆಗಬೇಕು. ಅಕ್ಕ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ತಿಳಿದ ವಿಷಯವಾದರೆ ಉತ್ತರ ಕೊಡುತ್ತಿದ್ದಳು. ತಿಳಿಯದ್ದಾದರೆ ಇನ್ನೂ ಸ್ವಲ್ಪ ಜೋರಾಗಿ ಕೊಡುತ್ತಿದ್ದಳು.

ತಂಗಿ ಹಾಗಲ್ಲ. ನಾಲ್ಕು ಬೀದಿ ಆಚೆಗಿನ ಹೆಂಗಸರ ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಲಸ ಅವಳದು. ಹತ್ತಾರು ವರ್ಷ ಗಂಡನ ಜೊತೆ ಬಾಳಿ, ಒಂದು ದಿನ ಬ್ಯಾಂಕಿನವರು ಮನೆ ಬಾಗಿಲಿಗೆ ಬಂದಾಗಲೇ ತಾನಿದ್ದ ಮನೆ ಸಾಲಕ್ಕೆ ಅಡವಾಗಿದೆ ಎಂದು ತಿಳಿದುಕೊಂಡವಳು. ದುಡ್ಡಿನ ಮಾತೆತ್ತಿದರೆ ಸಾಕು, "ನಿನಗ್ಯಾಕೆ ಆ ತಲೆನೋವು" ಅನ್ನುತ್ತಿದ್ದ ಆ ಮಹಾರಾಯ. ಕೊನೆಗೆ ತಲೆನೋವು ಪೂರ್ತಿ ಅವಳ ಪಾಲಿಗೇ ಬಂತು. ಸಂಬಂಧ ಕಳಚಿಕೊಂಡಾಗ ಕೋರ್ಟಿನಿಂದ ಒಂದಿಷ್ಟು ದುಡ್ಡು ಸಿಕ್ಕಿತು. ಅವಳ ಕೈಯಲ್ಲಿದ್ದದ್ದು ಅಷ್ಟೇ, ಆಸ್ತಿ ಅಂದರೂ ಅದೇ, ಧೈರ್ಯ ಅಂದರೂ ಅದೇ. ಅದನ್ನು ತಂದು ಅಕ್ಕನಿಗೆ ಕೊಟ್ಟಳು.

"ನೀನೇ ಎಲ್ಲಾದ್ರೂ ಇಡಕ್ಕ. ನಿನ್ನ ಹೆಸರಲ್ಲೇ ಇರ್ಲಿ. ನನ್ನ ಹೆಸರಲ್ಲಿದ್ರೆ ಅವನು ಮತ್ತೆ ವಾಸನೆ ಹಿಡ್ಕೊಂಡು ಬರ್ತಾನೆ. ನಂಗೆ ಇದೆಲ್ಲ ತಲೆಗೆ ಹತ್ತಲ್ಲ."

"ನಾನಿದೀನಲ್ಲ" ಅಂದಳು ಅಕ್ಕ. ಅವಳು ಆಡಿದ ಮಾತುಗಳಲ್ಲೆಲ್ಲ ಅವಳಿಗೆ ತುಂಬ ಇಷ್ಟವಾದ ಮಾತು ಅದು.

ಅಂಗಡಿಯ ಮೇಲಿನ ಮಹಡಿಯಲ್ಲಿ ಪರ್ಸೆಂಟ್ ಮಾಮನ ಆಫೀಸು. ಫಂಡು, ಬಾಂಡು, ವಿಮೆ, ಎಲ್ಲವನ್ನೂ ಮಾರುತ್ತಿದ್ದ. ಶೇಕಡಾ ಲೆಕ್ಕ ಹಾಕದೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಬಿಸಿಲು ಹೆಚ್ಚಿದ್ದರೂ ನೂರಕ್ಕೆ ಇಷ್ಟು ಹೆಚ್ಚು ಅನ್ನುವವನು. ಅವನ ಮೂಲಕ ಕೊಂಡರೆ ವರ್ಷ ವರ್ಷವೂ ಒಂದು ಪಾಲು ಅವನ ಜೇಬಿಗೆ ಹೋಗುತ್ತದೆ, ನೇರವಾಗಿ ಕಂಪನಿಯಿಂದಲೇ ಕೊಂಡರೆ ಅಷ್ಟು ಉಳಿಯುತ್ತದೆ ಎಂಬುದು ಅಕ್ಕನಿಗೆ ತಿಳಿದಿತ್ತು. ಆದರೆ ನೇರವಾಗಿ ಕೊಂಡರೆ ನಷ್ಟವಾದ ದಿನ ಬೈಯಲು ಯಾರೂ ಸಿಗುವುದಿಲ್ಲ. ಆ ಸೌಕರ್ಯಕ್ಕೆ ಸ್ವಲ್ಪ ದುಡ್ಡು ಹೋದರೂ ಹೋಗಲಿ ಅಂದುಕೊಂಡಳು.

"ಮೊದಲು ಒಂದು ಮಾತು ಹೇಳಿ" ಅಂದ ಪರ್ಸೆಂಟ್ ಮಾಮ. "ಈ ದುಡ್ಡು ಯಾವಾಗ ಬೇಕಾಗುತ್ತೆ? ಒಂದೆರಡು ವರ್ಷದಲ್ಲಿ ಬೇಕು ಅಂದ್ರೆ ಶೇರಿನ ಫಂಡು ಮುಟ್ಟೋದೇ ಬೇಡ. ಬೇಗ ಮುಗಿಯೋ ಬಾಂಡು ತಗೊಳ್ಳಿ, ಸರ್ಕಾರದ್ದೋ, ಇಲ್ಲಾ ಗಟ್ಟಿ ಕಂಪನಿದೋ. ಬಾಂಡು ಅಂದ್ರೆ ನೀವು ಸಾಲ ಕೊಟ್ಟ ಹಾಗೆ. ಬಡ್ಡಿ ಬರುತ್ತೆ, ಹೇಳಿದ ದಿನ ಅಸಲು ಬರುತ್ತೆ, ಇಸ್ಕೊಂಡೋನು ಮುಳುಗದಿದ್ರೆ. ಐದಾರು ವರ್ಷ ಮರೆತುಬಿಡ್ತೀನಿ ಅನ್ನೋ ದುಡ್ಡಾದ್ರೆ ಮಾತ್ರ ಶೇರಿನ ಫಂಡು. ಅದು ಮೇಲೆ ಕೆಳಗೆ ಆಗ್ತಾ ಇರುತ್ತೆ, ತಡ್ಕೊಳ್ಳೋ ಶಕ್ತಿ ಬೇಕು."

"ಅವಳಿಗೆ ಐದು ವರ್ಷ ಬೇಡ."

"ಒಂದ್ಸಲ ಅವರನ್ನೇ ಕೇಳಿಬಿಡಿ."

"ಕೇಳೋದೇನು? ನನ್ನ ತಂಗಿ ನಂಗೆ ಗೊತ್ತಿಲ್ವಾ? ಸಂಬಳ ಬರುತ್ತೆ, ಅಮ್ಮ ಜೊತೆಗಿದಾಳೆ, ಖರ್ಚಿಲ್ಲ. ಬರೀರಿ, ಐದು ವರ್ಷ."

ಬುದ್ಧಿವಂತರು ಎಡವುವುದು ಹೀಗೆಯೇ ನೋಡಿ, ಸಮನಾದ ನೆಲದಲ್ಲಿ. ಯಾರಾದರೂ ಅಂಗಡಿಗೆ ಬಂದು ಒಂದು ಜ್ವರದ ಮಾತ್ರೆ ಕೇಳಿದರೆ, ಯಾರಿಗೆ, ವಯಸ್ಸೆಷ್ಟು, ಹೊಟ್ಟೆಗೆ ಏನಾದರೂ ಬಿದ್ದಿದೆಯಾ ಎಂದು ಮೂರು ಪ್ರಶ್ನೆ ಕೇಳದೆ ಕೊಡುವವಳಲ್ಲ ಅವಳು. ಒಡಹುಟ್ಟಿದವಳ ಜೀವಮಾನದ ದುಡ್ಡಿಗೆ ಆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮುಂದಿನದು ಅವಳ ಕಸುಬಿನಿಂದಲೇ ಬಂದ ತಪ್ಪು. ಪರ್ಸೆಂಟ್ ಮಾಮ ಎರಡು ಫಂಡು ಸಾಕು ಅಂದ. ಅಕ್ಕ ನಕ್ಕುಬಿಟ್ಟಳು. ಒಂದೆರಡು ಕಂಪನಿಗಳನ್ನೇ ನೆಚ್ಚಿಕೊಂಡಿದ್ದರೆ ತನ್ನ ಅಂಗಡಿ ಎಂದೋ ಬಾಗಿಲು ಹಾಕಬೇಕಿತ್ತು, ಒಬ್ಬನ ಮಾಲು ನಿಂತರೆ ಇನ್ನೊಬ್ಬನದು ಕಪಾಟಿನಲ್ಲಿ ಇರಬೇಕು ಎಂದು ಅವನಿಗೇ ಪಾಠ ಹೇಳಿದಳು. ಹೋದ ವರ್ಷ ಚೆನ್ನಾಗಿ ಓಡಿದ ಫಂಡುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಮೇಲಿನಿಂದ ಹನ್ನೊಂದನ್ನು ಆರಿಸಿದಳು. ಹನ್ನೊಂದು ಕಂಪನಿ, ಹನ್ನೊಂದು ಹೆಸರು, ಹನ್ನೊಂದು ಬಣ್ಣದ ಗುರುತು. "ಇಷ್ಟೊಂದ್ಯಾಕೆ?" ಅಂತ ಮಾಮ ಒಂದು ಸಲ ಕೇಳಿದ. ಎರಡನೇ ಸಲ ಕೇಳಲಿಲ್ಲ. ಗಿರಾಕಿಯ ಜೊತೆ ಜಗಳವಾಡುವುದಕ್ಕೆ ಅವನಿಗೆ ಯಾರೂ ಕಮಿಷನ್ ಕೊಡುತ್ತಿರಲಿಲ್ಲ.

ಮೊದಲ ಕೆಲವು ತಿಂಗಳು ಫೋನಿನಲ್ಲಿ ಎಲ್ಲ ಅಂಕಿಯೂ ಹಸಿರು, ಏರಿಕೆಯ ಬಣ್ಣ. ಅಕ್ಕ ಗಂಡನಿಗೆ ದಿನವೂ ಫೋನು ತೋರಿಸಿ, "ಹೆಂಗೆ?" ಅನ್ನುತ್ತಿದ್ದಳು. ಆಮೇಲೆ ಎಲ್ಲೋ ದೂರದಲ್ಲಿ ಯಾವುದೋ ಯುದ್ಧ, ಎಲ್ಲೋ ಬಡ್ಡಿ ಏರಿತು, ಯಾರೋ ದೊಡ್ಡವರು ಮಾರಿದರು ಅಂತ ಸುದ್ದಿ ಬಂತು. ಮಾರ್ಕೆಟ್ಟು ಇಳಿಯತೊಡಗಿತು. ಇಳಿದರೆ ಇಳಿಯಲಿ, ಹನ್ನೊಂದರಲ್ಲಿ ನಾಲ್ಕಾದರೂ ನಿಂತಾವು ಎಂದು ಅಕ್ಕ ಕಾದಳು. ನಿಲ್ಲಲಿಲ್ಲ. ಒಂದು ಬಿದ್ದ ದಿನ ಹನ್ನೊಂದೂ ಬೀಳುತ್ತಿದ್ದವು. ಒಂದು ಚೂರು ಎದ್ದರೆ ಹನ್ನೊಂದೂ ಚೂರು ಚೂರು ಏಳುತ್ತಿದ್ದವು. ಒಂದೇ ಮನೆಯ ಹನ್ನೊಂದು ಮಕ್ಕಳಿಗೆ ಒಟ್ಟಿಗೇ ಜ್ವರ ಬಂದ ಹಾಗೆ. ಅವಳಿಗೆ ಇದು ಯಾವ ನ್ಯಾಯ ಅಂತಲೇ ಅರ್ಥವಾಗಲಿಲ್ಲ. ಊಟಕ್ಕೆ ಕೂತರೆ ಎದ್ದು ಹೋಗಬೇಕು ಅನ್ನಿಸುವುದು, ಎದ್ದು ನಿಂತರೆ ಯಾಕೆ ಎದ್ದೆ ಅಂತ ಮರೆಯುವುದು. ಇನ್ಸುಲಿನ್ ಕೇಳಿದವರಿಗೆ ಸಿರಿಂಜು ಕೊಟ್ಟು, ಹಣ ತೆಗೆದುಕೊಳ್ಳುವುದನ್ನೇ ಮರೆತಳು.

ಇಂಥ ಒಂದು ಬೆಳಿಗ್ಗೆ, ಆಸ್ಪತ್ರೆಯ ನಿವೃತ್ತ ವಾಚ್‌ಮನ್ ಮೂರು ಬೇರೆ ಬೇರೆ ಚೀಟಿ ಹಿಡಿದುಕೊಂಡು ಬಂದ. ಮೂಳೆ ಡಾಕ್ಟರು ಒಂದು ಮಾತ್ರೆ ಬರೆದಿದ್ದರು, ಗಂಟಲ ಡಾಕ್ಟರು ಇನ್ನೊಂದು, ಮನೆ ಹತ್ತಿರದ ಡಾಕ್ಟರು ಮತ್ತೊಂದು. ಮುದುಕ ಮೂರನ್ನೂ ಒಟ್ಟಿಗೆ ನುಂಗುತ್ತಿದ್ದನಂತೆ. ಅಕ್ಕನಿಗೆ ರೇಗಿಹೋಯಿತು.

"ತಾತ, ಹೆಸರು ಮೂರು, ಪೊಟ್ಟಣ ಮೂರು, ಒಳಗಿರೋದು ಒಂದೇ ಔಷಧಿ! ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಓದೋರಿಗೆ ಏನು ರೋಗ? ಹೊರಗಡೆ ಬಣ್ಣ ನೋಡಿ ಮೂರು ಬೇರೆ ಬೇರೆ ಅಂದ್ಕೊಂಡ್ರಾ? ಲಿವರ್ ಹಾಳಾಗಿ..."

ಮಾತು ಅಲ್ಲಿಗೇ ನಿಂತಿತು. ಮುದುಕ ಹೆದರಿ, "ಹಾಳಾಗಿದ್ಯಾ?" ಅಂದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು, ಬಿದ್ದದ್ದು ಹಲ್ಲಿಗೆ ಆಗಷ್ಟೇ ಗೊತ್ತಾಗಿತ್ತು. ತೆಗೆದಿದ್ದ ಮೂರರಲ್ಲಿ ಎರಡು ಪೊಟ್ಟಣ ವಾಪಸ್ ಕಪಾಟಿಗಿಟ್ಟು, ಒಂದೇ ಸಾಕು ಅಂತ ಮುದುಕನನ್ನು ಕಳಿಸಿ, ಸ್ಟೂಲಿನ ಮೇಲೆ ಕುಸಿದು ಫೋನು ತೆರೆದಳು. ಪ್ರತಿ ಫಂಡಿನ ಕೆಳಗೂ ಅದರ ಒಳಗೇನಿದೆ ಎಂಬ ಪಟ್ಟಿ ಇತ್ತು. ಏಳು ತಿಂಗಳಿಂದಲೂ ಇತ್ತು, ಅವಳು ನೋಡಿರಲಿಲ್ಲ. ಮೊದಲ ಫಂಡಿನಲ್ಲಿ ನಾಲ್ಕು ದೊಡ್ಡ ಬ್ಯಾಂಕು, ಒಂದು ಎಣ್ಣೆ ಕಂಪನಿ, ಒಂದು ಸಿಮೆಂಟು. ಎರಡನೆಯದರಲ್ಲಿ ಅದೇ ನಾಲ್ಕು ಬ್ಯಾಂಕು, ಅದೇ ಎಣ್ಣೆ. ಮೂರನೆಯದರಲ್ಲಿ ಸಿಮೆಂಟು ಮೇಲೆ, ಎಣ್ಣೆ ಕೆಳಗೆ. ಹನ್ನೊಂದನೆಯದನ್ನು ತೆರೆಯುವ ಹೊತ್ತಿಗೆ ಅವಳಿಗೆ ಆ ಬ್ಯಾಂಕುಗಳ ಹೆಸರು ಬಾಯಿಪಾಠವಾಗಿತ್ತು.

ಮೆಟ್ಟಿಲು ಹತ್ತಿ ಮೇಲೆ ಹೋದಳು. ಬೈಯಲಿಕ್ಕೆಂದೇ ಇಟ್ಟುಕೊಂಡ ಮನುಷ್ಯನಿಗೆ ಹೊಟ್ಟೆ ತುಂಬ ಬೈದಳು. ಪರ್ಸೆಂಟ್ ಮಾಮ ಕನ್ನಡಕ ಒರೆಸುತ್ತ ಕೇಳಿಸಿಕೊಂಡ.

"ನೀವು ಹೇಳೋದು ನಿಜ. ನಾನು ಇನ್ನೂ ಒಂದ್ಸಲ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ನೀವು ಬರೆಸಿದ್ದು ಐದು ವರ್ಷ. ಐದು ವರ್ಷ ಕೂತ್ಕೊಳ್ಳೋರಿಗೆ ಇದು ಏನೂ ಅಲ್ಲಮ್ಮ. ಮುಟ್ಟದೆ ಬಿಟ್ಬಿಡಿ, ಏಳಬಹುದು. ಈಗ ತೆಗೆದ್ರೆ ಮಾತ್ರ ನಷ್ಟ ನಿಜವಾದ ನಷ್ಟ ಆಗುತ್ತೆ."

ಐದು ವರ್ಷ. ಅಕ್ಕನಿಗೆ ಉಸಿರು ಸ್ವಲ್ಪ ಸಡಿಲವಾಯಿತು. ತಂಗಿಗೆ ಈಗ ದುಡ್ಡು ಬೇಡವಲ್ಲ, ಬಿಟ್ಟರಾಯಿತು. ಕೈ ಕಟ್ಟಿಕೊಂಡು ಕೂರುವುದೊಂದೇ ಕೆಲಸ. ಅವಳ ಕೈಗೆ ಅದು ಕಷ್ಟದ ಕೆಲಸ, ಆದರೂ ಪ್ರಯತ್ನಿಸೋಣ ಎಂದು ಫೋನನ್ನು ಕಪಾಟಿನ ಮೇಲಿನ ಅಂತಸ್ತಿಗೆ ಎಸೆದಳು.

ಮರುದಿನವೇ ತಂಗಿ ಅಂಗಡಿಗೆ ಓಡಿ ಬಂದಳು. ನಡೆದು ಬಂದಳು ಅನ್ನುವ ಹಾಗಿರಲಿಲ್ಲ. ಏಪ್ರನ್ನನ್ನೂ ಬಿಚ್ಚಿರಲಿಲ್ಲ, ಅದರ ಮೇಲೆ ಯಾರದೋ ಕೂದಲು.

"ಅಕ್ಕ, ಸಲೂನು ನನಗೇ ಕೊಡ್ತಾರಂತೆ! ಓನರಮ್ಮ ಮಗಳ ಊರಿಗೆ ಹೋಗಿ ಇದ್ದುಬಿಡ್ತಾರಂತೆ. ಬೇರೆಯವರಿಗೆ ಕೊಡೋಕೆ ಮುಂಚೆ ನನ್ನ ಕೇಳಿದ್ರು. ಅಡ್ವಾನ್ಸು, ಹೊಸ ಕನ್ನಡಿ, ಹೊಸದೊಂದು ಕುರ್ಚಿ ಎಲ್ಲ ಸೇರಿ ನನ್ನ ದುಡ್ಡಿಗೆ ಸರಿಹೋಗುತ್ತೆ. ತಿಂಗಳ ಕೊನೆಗೆ ಕೊಡ್ಬೇಕು. ಆಗುತ್ತಾ?"

ಅಕ್ಕ ತಂಗಿಯ ಮುಖ ನೋಡಿದಳು. ಮದುವೆಯಾದ ಮೇಲೆ ಆ ಮುಖದಲ್ಲಿ ಇಂಥ ಬೆಳಕನ್ನು ಅವಳು ನೋಡಿರಲಿಲ್ಲ. ಹೇಳುವುದಿದ್ದರೆ ಅದೇ ಗಳಿಗೆ. ನೂರು ಇಟ್ಟದ್ದು ಎಂಬತ್ತೆರಡಾಗಿದೆ ಕಣೇ, ತಪ್ಪು ನನ್ನದು. ಹೀಗೆ ಒಂದು ಸಾಲು, ಹತ್ತು ಸೆಕೆಂಡಿನ ಮಾತು. ನಾಲಿಗೆಯವರೆಗೂ ಬಂತು.

"ಅದಕ್ಕೇನಂತೆ, ಆಗುತ್ತೆ" ಅಂದಳು. "ನಾನಿದೀನಲ್ಲ."

ತಂಗಿ ಕೌಂಟರಿನ ಮೇಲಿಂದಲೇ ಬಾಗಿ ಅವಳ ಕತ್ತು ತಬ್ಬಿಕೊಂಡಳು. ಅಕ್ಕನ ಬಟ್ಟೆಗೆಲ್ಲ ಕೂದಲು ಮೆತ್ತಿತು.

ಹನ್ನೊಂದು ಫಂಡನ್ನೂ ಮಾರಿದಳು. ವರ್ಷ ತುಂಬುವ ಮೊದಲೇ ತೆಗೆದದ್ದಕ್ಕೆ ಕಂಪನಿಗಳು ನೂರಕ್ಕೆ ಒಂದರಂತೆ ಹಿಡಿದುಕೊಂಡವು. ಗಾಯದ ಮೇಲೆ ಬರೆ. ಉಳಿದ ಕೊರತೆಯನ್ನು ತುಂಬಲು ಅವಳ ಹತ್ತಿರ ಇದ್ದದ್ದು ಒಂದೇ: ತನ್ನ ಹೆಸರಿನಲ್ಲಿದ್ದ, ರಸ್ತೆ ಕಟ್ಟುವ ಕಂಪನಿಯೊಂದರ ಬಾಂಡು. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಅಂತ ಆಸೆಬಿದ್ದು ಕೊಂಡದ್ದು, ಅಂಗಡಿಗೆ ಹೊಸ ಫ್ರಿಡ್ಜು ತರಲಿಕ್ಕೆಂದು ಇಟ್ಟದ್ದು. ಅವಧಿ ಮುಗಿಯಲು ಇನ್ನೂ ನಾಲ್ಕು ವರ್ಷವಿತ್ತು.

"ನಡುವೆ ಮಾರೋದಾದ್ರೆ ನೂರಕ್ಕೆ ತೊಂಬತ್ತೊಂದು ಸಿಗುತ್ತೆ" ಅಂದ ಪರ್ಸೆಂಟ್ ಮಾಮ.

"ಅದ್ಯಾಕೆ? ಬಾಂಡಾದ್ರೆ ಅಸಲು ಬರುತ್ತೆ ಅಂದಿದ್ರಲ್ಲ!"

"ಕೊನೆವರೆಗೂ ಇಟ್ಕೊಂಡ್ರೆ, ಕಂಪನಿ ಉಳಿದ್ರೆ, ನೂರಕ್ಕೆ ನೂರು. ಈಗ ಹೊಸ ಬಾಂಡುಗಳಿಗೆ ನಿಮ್ಮದಕ್ಕಿಂತ ಜಾಸ್ತಿ ಬಡ್ಡಿ ಸಿಗ್ತಿದೆ. ಹಳೇದನ್ನ ಪೂರ್ತಿ ಬೆಲೆಗೆ ಯಾರು ತಗೋತಾರೆ? ಅದೂ ಅಲ್ದೆ ಈ ಕಂಪನಿ ಬಾಂಡು ಕೊಳ್ಳೋರೇ ಕಮ್ಮಿ. ಒಬ್ಬ ಸಿಕ್ಕಿದಾನೆ ಅನ್ನೋದೇ ಪುಣ್ಯ."

ಗಂಡ ರಾತ್ರಿಯ ಊಟಕ್ಕೆ ಕೂತಾಗ ಈ ಮಾತೆಲ್ಲ ಕೇಳಿ ತುತ್ತು ಕೆಳಗಿಟ್ಟ. "ಫ್ರಿಡ್ಜು ಹೋಗ್ಲಿ ಬಿಡು. ಬ್ರೇಕ್ ಹಿಡೀತಿಲ್ಲ ಅಂತ ಡ್ರೈವರಿಗೆ ಹೇಳದೆ ಬಸ್ಸು ಕೊಟ್ಟು ಕಳಿಸೋಕಾಗುತ್ತಾ? ಅವಳಿಗೆ ಹೇಳ್ಬಿಡು."

"ನಿಮಗೆ ಗೊತ್ತಾಗಲ್ಲ. ಅವಳು ಈಗಷ್ಟೇ ನಗೋಕೆ ಶುರು ಮಾಡಿದಾಳೆ."

ಅದು ಅರ್ಧ ನಿಜ. ಇನ್ನರ್ಧವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ: ತಂಗಿಯ ಕಣ್ಣಲ್ಲಿ ದಡ್ಡಿಯಾಗುವುದಕ್ಕಿಂತ ಬಾಂಡನ್ನು ಮಣ್ಣು ಪಾಲು ಮಾಡುವುದೇ ಅವಳಿಗೆ ಅಗ್ಗವಾಗಿ ಕಂಡಿತು. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಚೆಕ್ಕು ಬರೆಯುವಾಗ ಅಸಲಿನ ಮೊತ್ತ ಬರೆದು ಸುಮ್ಮನಾಗಬಹುದಿತ್ತು. ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಇನ್ನೊಂದಿಷ್ಟು ಸೇರಿಸಿ ಬರೆಯಿತು. ಲಾಭ ಅಂತ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ, ಈ ಬೆಕ್ಕು ಕಣ್ಣು ಮುಚ್ಚಿಕೊಂಡು ತನ್ನ ಹಾಲನ್ನೇ ಇನ್ನೊಬ್ಬರ ಬಟ್ಟಲಿಗೆ ಸುರಿಯಿತು.

ಚೆಕ್ಕು ನೋಡಿ ತಂಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಲಾಭ ಬೇರೆ ಬಂದಿದ್ಯಾ? ಸಲೂನಿಗೆ ಬರೋರೆಲ್ಲ ಮಾರ್ಕೆಟ್ಟು ಮುಳುಗಿತು, ದುಡ್ಡು ಹೋಯ್ತು ಅಂತ ಅಳ್ತಿದಾರೆ!"

"ಎಲ್ಲಿ ಇಡ್ಬೇಕು ಅಂತ ನೋಡಿ ಇಟ್ಟಿದ್ದೆ" ಅಂದಳು ಅಕ್ಕ.

ಹೇಳಿದ ಮೇಲೆ ಮನಸ್ಸು ಹಗುರವಾದೀತು ಅಂದುಕೊಂಡಿದ್ದಳು. ಆಗಲಿಲ್ಲ. ಈಗ ನೋಡಲಿಕ್ಕೆ ಫೋನಿನಲ್ಲಿ ಏನೂ ಇರಲಿಲ್ಲ, ಆದರೂ ಎಡಗೈ ಸುಮ್ಮನಿರಲಿಲ್ಲ. ಬೀದಿಯಲ್ಲಿ ಯಾರಾದರೂ ಬಡ್ಡಿ, ಶೇರು ಅಂತ ಮಾತಾಡಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತಿತ್ತು. ಅಂಗಡಿಯ ಕಪಾಟುಗಳನ್ನು ಎರಡು ಸಲ ಒರೆಸಿದಳು. ತಂಗಿಯ ಫೋನು ಬಂದರೆ ಗೊತ್ತಾಗಿಬಿಟ್ಟಿತೇನೋ ಎಂಬ ಹೆದರಿಕೆ. ಬರದಿದ್ದರೆ ಯಾಕೆ ಬರಲಿಲ್ಲ, ಯಾರಾದರೂ ಹೇಳಿಬಿಟ್ಟರೇ ಎಂಬ ಕಳವಳ.

ಸಲೂನು ತಂಗಿಯ ಕೈಗೆ ಬಂದ ಮೊದಲ ದಿನ ಅಕ್ಕನಿಗೆ ಮೊದಲ ಕರೆ. ಗೋಡೆಗೆ ಹೊಸ ಬಣ್ಣ, ಎರಡು ಉದ್ದ ಕನ್ನಡಿ. ಹಳೆಯ ಕುರ್ಚಿಯ ಪಕ್ಕದಲ್ಲಿ ಹೊಚ್ಚ ಹೊಸದೊಂದು ಕುರ್ಚಿ, ಪ್ಲಾಸ್ಟಿಕ್ ಕವರಿನ ವಾಸನೆ ಇನ್ನೂ ಹೋಗಿರಲಿಲ್ಲ. ತಂಗಿ ಅವಳನ್ನು ಅದರಲ್ಲೇ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದಳು. "ಮೊದಲನೇ ಕಟಿಂಗು ನಿನ್ದೇ. ಫ್ರೀ. ಸೊಂಟದವರೆಗೆ ಎಷ್ಟು ದಿನ ಇಟ್ಕೋತೀಯ, ಭುಜದವರೆಗೆ ಮಾಡ್ತೀನಿ." ಬಾಗಿಲ ಹತ್ತಿರದ ಬೆಂಚಿನಲ್ಲಿ ಒಬ್ಬ ಗಿರಾಕಿ ಹೆಂಗಸು ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ಇವರಿಬ್ಬರ ತಾಯಿ ಕೈಚೀಲ ತಬ್ಬಿಕೊಂಡು ಕೂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಹಾಸಿಗೆ ಬಟ್ಟೆ ಒಗೆದು, ಬಂದ ನಿವೃತ್ತಿಯ ದುಡ್ಡನ್ನು ಸರ್ಕಾರಿ ಬಾಂಡಿನಲ್ಲಿ ಹಾಕಿ, ಆರು ತಿಂಗಳಿಗೊಮ್ಮೆ ಬರುವ ಬಡ್ಡಿಯಲ್ಲಿ ಯಾರ ಹಂಗೂ ಇಲ್ಲದೆ ಬದುಕುತ್ತಿದ್ದ ಹೆಂಗಸು.

ಕತ್ತರಿ ಕಚಕಚ ಅನ್ನತೊಡಗಿತು. ಎಡಗಡೆಯ ಕೂದಲು ಭುಜದವರೆಗೆ ಬಂತು. ಅಷ್ಟರಲ್ಲಿ ತಾಯಿ ಕನ್ನಡಿಯಲ್ಲಿ ದೊಡ್ಡ ಮಗಳ ಕಣ್ಣು ಹುಡುಕಿ ಹೇಳಿದಳು:

"ನಾಳೆ ಬ್ಯಾಂಕಿಗೆ ಹೋಗ್ತೀನಿ ಕಣೇ. ನನ್ನ ಬಾಂಡು ಮುರಿಸಿ ನಿನ್ನ ಕೈಗೇ ಕೊಡ್ತೀನಿ. ಇವಳಿಗೆ ಮಾಡಿಕೊಟ್ಟ ಹಾಗೇ ನನಗೂ ಮಾಡಿಕೊಡು."

"ಬೇಡಮ್ಮ" ಅಂದಳು ಅಕ್ಕ. ಬಟ್ಟೆಯ ಕೆಳಗೆ ಅವಳ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡವು. "ಈ ವಯಸ್ಸಲ್ಲಿ ನಿನಗೆ ಅದೇ ಒಳ್ಳೇದು."

"ಯಾಕೆ, ನಾನೇನು ಮಲತಾಯೀನಾ? ತಂಗಿಗೊಂದು, ತಾಯಿಗೊಂದಾ?"

"ಮಾರ್ಕೆಟ್ಟು ಈಗ ಸರಿಯಿಲ್ಲಮ್ಮ."

"ಸರಿಯಿಲ್ಲದಾಗಲೇ ಅಲ್ವಾ ಇವಳಿಗೆ ಲಾಭ ಮಾಡಿಕೊಟ್ಟಿದ್ದು!"

ತಂಗಿ ನಕ್ಕಳು. "ಇವಳು ಹಿಂಗೇ ಅಮ್ಮ, ಬೇಡ ಬೇಡ ಅಂತ ಮಾಡ್ತಾಳೆ. ನನ್ನ ಗಿರಾಕಿಗಳೆಲ್ಲ ನಿನ್ನ ನಂಬರು ಕೇಳ್ತಿದಾರೆ ಅಕ್ಕ." ಬೆಂಚಿನಲ್ಲಿದ್ದ ಹೆಂಗಸು, ಹೌದು ಎಂದು ತಲೆಯಾಡಿಸಿ, ಫೋನು ಕೈಗೆತ್ತಿಕೊಂಡಳು.

ಅಕ್ಕ ಕುರ್ಚಿಯ ತುದಿಗೆ ಸರಿದಳು. ಎದ್ದು ಓಡಬೇಕು ಅನ್ನಿಸಿತು. ಆದರೆ ಒಂದು ಕಡೆ ಭುಜದವರೆಗೆ, ಇನ್ನೊಂದು ಕಡೆ ಸೊಂಟದವರೆಗೆ ಕೂದಲು ಬಿಟ್ಟುಕೊಂಡು ಎಲ್ಲಿಗೆ ಓಡುವುದು? ಸುಳ್ಳು ಅವಳೊಬ್ಬಳನ್ನೇ ತಿಂದಿದ್ದರೆ ತಿನ್ನಿಸಿಕೊಂಡು ಬದುಕುತ್ತಿದ್ದಳೇನೋ. ಈಗ ಅದು ತಾಯಿಯ ಅನ್ನಕ್ಕೆ ಬಾಯಿ ಹಾಕಿತ್ತು.

"ಲಾಭ ಬರ್ಲಿಲ್ಲ" ಅಂದಳು, ಕನ್ನಡಿಯಲ್ಲಿದ್ದ ತಂಗಿಗೆ. "ನೂರಕ್ಕೆ ಹತ್ತೊಂಬತ್ತು ಹೋಯ್ತು. ನಾನು ಹನ್ನೊಂದು ಕಡೆ ಇಟ್ಟೆ ಅಂದ್ಕೊಂಡು ಒಂದೇ ಕಡೆ ಇಟ್ಟಿದ್ದೆ. ನಿನಗೆ ಯಾವಾಗ ಬೇಕು ಅಂತ ಕೇಳದೆ ನಾನೇ ಐದು ವರ್ಷ ಅಂತ ಹೇಳಿದ್ದೆ. ಕಮ್ಮಿ ಬಿದ್ದಿದ್ದನ್ನ ನನ್ನ ಬಾಂಡು ಮಾರಿ ಹಾಕಿದೆ. ಆ ಲಾಭಾನೂ ನಂದೇ."

ಕತ್ತರಿ ನಿಂತಿತು. ಬೆಂಚಿನ ಹೆಂಗಸು ಫೋನನ್ನು ಮೆಲ್ಲಗೆ ಚೀಲದೊಳಗಿಟ್ಟಳು. ತಂಗಿ ಬೈಯುತ್ತಾಳೆ, ಇಲ್ಲವಾದರೆ ಅಳುತ್ತಾಳೆ, ಅತ್ತರೆ ಸಮಾಧಾನ ಮಾಡಬಹುದು ಎಂದು ಅಕ್ಕ ಕಾದಳು. ತಂಗಿ ಎರಡನ್ನೂ ಮಾಡಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ನೊಂದ್ಕೋತೀಯ ಅಂತ..."

"ಅವನೂ ಇದನ್ನೇ ಹೇಳ್ತಿದ್ದ." ತಂಗಿಯ ದನಿ ಸಣ್ಣಗಿತ್ತು. "ಮನೆ ಅಡ ಇಟ್ಟಿದ್ದನ್ನ ಯಾಕೆ ಹೇಳ್ಲಿಲ್ಲ ಅಂದ್ರೆ, ನೀನು ನೊಂದ್ಕೋತೀಯ ಅಂತ. ಇದೇ ಮಾತು ಅಕ್ಕ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ನನ್ನನ್ನ ಅವನ ಜೊತೆ ಸೇರಿಸ್ತೀಯೇನೇ? ಅವನು ನಿನ್ನ ದುಡ್ಡು ತಿಂದ. ನಾನು ನನ್ನ ಕೈಯಿಂದ ಹಾಕಿದೀನಿ!"

"ಹೌದು. ಅವನು ತೆಗೆದ, ನೀನು ಹಾಕಿದೆ. ನಂಗೆ ಗೊತ್ತಾಗಬಾರದು ಅನ್ನೋದ್ರಲ್ಲಿ ಇಬ್ಬರೂ ಒಂದೇ." ತಂಗಿ ಬಾಚಣಿಗೆಯಿಂದ ಕುರ್ಚಿಯ ಬೆನ್ನನ್ನು ತಟ್ಟಿದಳು. "ನೀನು ಕೂತಿದೀಯಲ್ಲ, ಈ ಕುರ್ಚಿ. ದುಡ್ಡು ಕಮ್ಮಿ ಇದೆ ಅಂತ ಹೇಳಿದ್ರೆ ಇದನ್ನ ಈಗಲೇ ತಗೋತಿರ್ಲಿಲ್ಲ ಅಷ್ಟೇ. ಹಳೇದೊಂದರಲ್ಲೇ ನಡೆಸ್ತಿದ್ದೆ. ಅಷ್ಟು ಮಾಡೋಕೆ ಬರ್ತಿತ್ತು ನಂಗೆ."

ಅಕ್ಕನ ಕಣ್ಣಲ್ಲಿ ನೀರು ಬಂತು. ಕೈ ಬಟ್ಟೆಯ ಕೆಳಗಿತ್ತು, ಒರೆಸಿಕೊಳ್ಳಲು ಆಗಲಿಲ್ಲ. ಇಷ್ಟು ವರ್ಷ ತಂಗಿಯ ಪಕ್ಕದಲ್ಲೇ ಇದ್ದೂ ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಾನು ನೋಡಿಯೇ ಇಲ್ಲ ಎಂಬುದು ಅವಳಿಗೆ ಚೂರಿ ಹಾಕಿದ ಹಾಗೆ ತಿಳಿಯಿತು. ತಾಯಿ ಕೈಚೀಲದ ಜಿಪ್ಪು ಎಳೆದು, ಅದನ್ನು ತೊಡೆಯಿಂದ ತೆಗೆದು ಕಂಕುಳಿಗೆ ಸೇರಿಸಿಕೊಂಡಳು.

ತಂಗಿ ಬಲಗಡೆಯ ಕೂದಲನ್ನೂ ಕತ್ತರಿಸಿದಳು. ಸಿಟ್ಟಿನಲ್ಲಿ ಅಲ್ಲ, ಎರಡೂ ಕಡೆ ಹಿಡಿದು ಅಳೆದು, ಸಮ ಮಾಡಿ. ಕೊರಳ ಹಿಂದಿನ ಕೂದಲನ್ನು ಬ್ರಶ್ಶಿನಿಂದ ಕೊಡವಿ ಬಟ್ಟೆ ಬಿಚ್ಚಿದಳು. ಆಮೇಲೆ ಗೋಡೆಯ ಮೇಲಿನ ರೇಟಿನ ಬೋರ್ಡನ್ನು ತೋರಿಸಿದಳು.

"ಕಟಿಂಗಿನ ದುಡ್ಡು ಕೊಡು."

ಅಕ್ಕ ಪರ್ಸು ತೆಗೆದು ನೋಟು ಕೊಟ್ಟಳು. ತಂಗಿ ಡ್ರಾಯರಿನಿಂದ ಚಿಲ್ಲರೆ ತೆಗೆದು ಅವಳ ಅಂಗೈಗೆ ಹಾಕಿದಳು.

"ನೀನು ತುಂಬಿದ ದುಡ್ಡು, ಬಾಂಡಲ್ಲಿ ಕಳ್ಕೊಂಡಿದ್ದು, ಎಲ್ಲ ಸೇರಿಸಿ ಎಷ್ಟು ಅಂತ ಹೇಳು. ತಿಂಗಳು ತಿಂಗಳು ಕೊಡ್ತೀನಿ. ಬೇಡ ಅನ್ನಬೇಡ. ಇನ್ನು ನನ್ನ ದುಡ್ಡು ನಾನೇ ಇಡ್ತೀನಿ ಅಕ್ಕ. ಏನು ಎತ್ತ ಅಂತ ಕೇಳ್ಕೊಂಡು ಇಡ್ತೀನಿ. ಹೋದ್ರೆ, ಎಷ್ಟು ಹೋಯ್ತು ಅಂತ ನಂಗಾದ್ರೂ ಗೊತ್ತಿರುತ್ತೆ."

ಅಕ್ಕ ಏನಾದರೂ ಹೇಳಬೇಕಿತ್ತು. ಇಂಥ ಹೊತ್ತಿಗೆ ಹೇಳುವ ಮಾತು ಅವಳ ಹತ್ತಿರ ಒಂದೇ ಇತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿದಳು. ಗಾಜಿನ ಆಚೆಯಿಂದ ನೋಡಿದಾಗ, ಬೆಂಚಿನಲ್ಲಿದ್ದ ಹೆಂಗಸು ಆಗಲೇ ಅವಳು ಬಿಟ್ಟ ಕುರ್ಚಿಯಲ್ಲಿ ಕೂತಿದ್ದಳು. ತಂಗಿ ಕತ್ತರಿಯನ್ನು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. ಆ ಹೆಂಗಸಿನ ಕೂದಲನ್ನು ಬೊಗಸೆಯಲ್ಲಿ ಹಿಡಿದು, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ಎಷ್ಟು ಉದ್ದ ಇರಲಿ ಎಂದು ಕೇಳುತ್ತಿದ್ದಳು.